ಸವೆದಿಲ್ಲ ಅಂದರೆ ಸವೆದಿಲ್ಲ

ನನ್ನ ಮಷಿನ್ ಸವೆದು ಹೋಗಿದೆ ಎಂದು ಮೂವರು ಹೇಳಿದರು. ರೋಣದ ಆಟದ ಮಾಸ್ತರರು ಹೇಳಿದರು, ನರೇಗಲ್ಲಿನ ಮಿಸ್ತ್ರಿ ಹೇಳಿದ, ನನ್ನ ಮೈದುನನಂತೂ ಊರಿಗೆಲ್ಲ ಡಂಗುರ ಹೊಡೆದ. ಸವೆದಿಲ್ಲ ಎಂದವಳು ನಾನೊಬ್ಬಳೇ. ಒಬ್ಬಳೇ ಆದಾಗ ನನ್ನ ದನಿ ಇನ್ನೂ ಜೋರಾಗುತ್ತದೆ. ಹುಟ್ಟುಗುಣ, ಸುಟ್ಟರೂ ಹೋಗುವುದಿಲ್ಲ.

ಮಷಿನ್ ಅಂದರೆ ಹುಲ್ಲು ಕತ್ತರಿಸುವ ಮಷಿನ್, ಸಣ್ಣ ಟ್ರ್ಯಾಕ್ಟರಿನ ಹಿಂದೆ ಜೋಡಿಸುವಂಥದ್ದು. ಅದರ ಜೊತೆ ಬಂದ ಪುಸ್ತಕದಲ್ಲಿ ಫಿನಿಶ್ ಮೋವರ್ ಎಂದು ಬರೆದಿದೆ. ನಮ್ಮ ಜಕ್ಕಲಿಯಲ್ಲಿ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ, ‘ಅಕ್ಕನ ಹುಲ್ಲಿನ ಮಷಿನ್’ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಅಗಲವಾದ ತಗಡಿನ ಮುಚ್ಚಳ, ಅದರ ಕೆಳಗೆ ಸಾಲಾಗಿ ಮೂರು ಅಲಗು, ಮೂರನ್ನೂ ತಿರುಗಿಸುವುದಕ್ಕೆ ಒಂದು ಬೆಲ್ಟು, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಗಾಲಿ. ಹುಬ್ಬಳ್ಳಿ ಕಡೆ ಹುಲ್ಲುಹಾಸಿನ ಹೋಟೆಲೊಂದು ಬಾಗಿಲು ಹಾಕಿದಾಗ ಹರಾಜಿನಲ್ಲಿ ನಮ್ಮ ಮನೆಯವರು ಅದನ್ನು ತಂದರು. ಅವರದು ಹಿಟ್ಟಿನ ಗಿರಣಿ. ಗಿರಣಿಗೆ ಕಲ್ಲು ತರಲು ಹೋದವರು ಇದನ್ನು ಹೇರಿಕೊಂಡು ಬಂದಿದ್ದರು. ಯಾಕೆ ತಂದಿರಿ ಎಂದರೆ, “ಕಬ್ಬಿಣ ಚಲೋ ಐತಿ” ಅಂದರು ಅಷ್ಟೆ.

ಊರು ನಕ್ಕಿತು. “ಎರಿ ಹೊಲದಾಗ ಹುಲ್ಲಿಗೆ ಕ್ಷೌರ ಮಾಡಸ್ತಾರಂತ!” ಎಂದು ಕಟ್ಟೆಯ ಮೇಲೆ ಮಾತಾಯಿತು. ಮೈದುನ ಅದನ್ನು ಮುಟ್ಟಲೂ ಇಲ್ಲ. ಒಂದು ವರ್ಷ ಅದರ ಮೇಲೆ ಕೋಳಿಗಳು ಕುಳಿತವು. ಕೊನೆಗೆ ನಾನು ಪುಸ್ತಕ ಬಿಡಿಸಿ ಚಿತ್ರ ನೋಡಿ ನೋಡಿ ಕಲಿತೆ. ಮನೆಯ ಸಣ್ಣ ಟ್ರ್ಯಾಕ್ಟರ್ ಹೊಡೆಯುವುದನ್ನು ನಮ್ಮ ಮನೆಯವರೇ ಕಲಿಸಿದರು. ಆಗ ನನಗೆ ಮೂವತ್ತೆಂಟು. ಈಗ ರೋಣದಲ್ಲಿ ಕಾಲೇಜಿನ ಮೈದಾನ, ನರಗುಂದದಲ್ಲಿ ಗುಡ್ಡದ ಕೆಳಗಿನ ಶಾಲೆಯ ಮೈದಾನ, ಗಜೇಂದ್ರಗಡದ ಗುಡ್ಡದ ಮೇಲೆ ಕರೆಂಟು ಮಾಡುವ ಗಾಳಿಕಂಬದವರ ಆಫೀಸಿನ ಅಂಗಳ, ಎಲ್ಲ ನನ್ನವೇ. ಟ್ರ್ಯಾಕ್ಟರಿನ ಕೀಲಿ ನನ್ನ ಸೆರಗಿನ ತುದಿಗೆ ಇರುತ್ತದೆ.

ಆ ಕೀಲಿಯ ಮೇಲೆ ಮೈದುನನಿಗೆ ಮೊದಲಿನಿಂದಲೂ ಕಣ್ಣು. ಮಷಿನ್ ಹೋದರೆ ಟ್ರ್ಯಾಕ್ಟರ್ ಅವನ ಟ್ರೇಲರಿಗೆ. ಟ್ರ್ಯಾಕ್ಟರ್ ಹೋದರೆ ನಾನು ಮತ್ತೆ ಒಲೆಯ ಮುಂದೆ. ರೊಟ್ಟಿ ಬಡಿಯುವುದು ಕೀಳು ಎಂದು ನಾನು ಹೇಳುತ್ತಿಲ್ಲ, ಈಗಲೂ ದಿನಾ ಬಡಿಯುತ್ತೇನೆ. ಆದರೆ ಬಡಿದು ಮುಗಿಸಿ, ಕೈ ತೊಳೆದು, ಟ್ರ್ಯಾಕ್ಟರ್ ಹತ್ತಿ ಹೋಗುವುದಕ್ಕೂ, ಬಡಿದು ಅಲ್ಲೇ ಕೂರುವುದಕ್ಕೂ ಎಷ್ಟು ಅಂತರ ಎಂಬುದು ಕೂತವರಿಗೇ ಗೊತ್ತು.

ಹೋದ ವರ್ಷ ಭಾದ್ರಪದದಲ್ಲಿ ನರಗುಂದದಿಂದ ಕರೆ ಬಂತು. ಮಳೆ ಹಿಡಿದಿತ್ತು, ಶಾಲೆಯವರು ಮೈದಾನದ ಕಡೆ ತಿರುಗಿಯೂ ನೋಡಿರಲಿಲ್ಲ, ಹುಲ್ಲು ತೊಡೆಯ ಮಟ್ಟಕ್ಕೆ ಬೆಳೆದಿತ್ತು. ನರೇಗಲ್ಲಿನ ಮಿಸ್ತ್ರಿ ಸುದ್ದಿ ಕೇಳಿ ಎರಡೂ ಕೈ ಎತ್ತಿದ.

“ಅಕ್ಕಾರ, ಇದು ಗಡ್ಡ ಹೆರಿಯೋ ಮಷಿನ್ರಿ, ಜ್ವಾಳ ಕೊಯ್ಯೂದಲ್ಲ. ಹೋಗಬ್ಯಾಡ್ರಿ. ಬೇರಿಂಗ್ ತಿಂದ ಹಾಕತೈತಿ ಆ ಹುಲ್ಲು.”

ಅವನು ಹೇಳಿದ್ದು ಸುಳ್ಳಲ್ಲ. ವಾರಕ್ಕೊಮ್ಮೆ ಹೊಡೆಯುವ ಹುಲ್ಲಿಗೆ ಮಾಡಿದ ಮಷಿನ್ ಅದು. ಆದರೆ ಆ ಮೈದಾನದಲ್ಲಿ ಹುಡುಗಿಯರು ಖೋಖೋ ಆಡುತ್ತಾರೆ, ತೊಡೆಯುದ್ದದ ಹುಲ್ಲಿನಲ್ಲಿ ಹಾವು ಇರುತ್ತದೆ. ನಾನು ಹೋದೆ. ಮೊದಲು ಕೋಲು ಹಿಡಿದು ಇಡೀ ಮೈದಾನ ತುಳಿದೆ. ಇಟ್ಟಂಗಿ ಸಿಕ್ಕವು, ಮುರಿದ ಬಕೆಟ್ ಸಿಕ್ಕಿತು, ಯಾರದೋ ಒಂದು ಕಾಲಿನ ಬೂಟು ಸಿಕ್ಕಿತು. ಎಲ್ಲ ಆರಿಸಿ ಹೊರಗೆ ಎಸೆದು, ಮಷಿನ್ನನ್ನು ಎಷ್ಟು ಎತ್ತರಕ್ಕೆ ಏರುತ್ತದೋ ಅಷ್ಟಕ್ಕೆ ಏರಿಸಿ, ಒಂದೊಂದು ಸಾಲಿಗೂ ಅರ್ಧ ಅಗಲವನ್ನಷ್ಟೇ ತಿನ್ನಿಸಿದೆ. ಟ್ರ್ಯಾಕ್ಟರ್ ಆಮೆಯಂತೆ ಹೋಗಬೇಕು, ಅಲಗು ಮಾತ್ರ ಪೂರ್ತಿ ವೇಗದಲ್ಲಿ ತಿರುಗಬೇಕು. ಅವಸರ ಮಾಡಿದರೆ ಬೆಲ್ಟು ಸುಟ್ಟ ವಾಸನೆ ಬರುತ್ತದೆ. ಎರಡು ಸಲ ಬಂತು ಕೂಡ. ನಿಲ್ಲಿಸಿ, ಇಂಜಿನ್ ಆರಿಸಿ, ಮುಚ್ಚಳದ ಒಳಗೆ ಮೆತ್ತಿದ ಹಸಿ ಹುಲ್ಲನ್ನು ಖುರ್ಪಿಯಿಂದ ಕೆರೆದು ತೆಗೆದೆ. ಮರುದಿನ ಎತ್ತರ ಇಳಿಸಿ ಅಡ್ಡಲಾಗಿ ಇನ್ನೊಮ್ಮೆ ಹೊಡೆದೆ. ಕೊನೆಯ ಸಾಲಿನಲ್ಲಿ ನನ್ನ ಕಣ್ಣು ತಪ್ಪಿಸಿದ್ದ ಒಂದು ಕಲ್ಲು ‘ಠಣ್’ ಎಂದಿತು. ಆದರೂ ಕೆಲಸ ಮುಗಿಸಿಯೇ ಇಳಿದೆ. ಮೈದಾನ ನೋಡಿ ನನ್ನ ಮೇಲೆ ನನಗೇ ಪ್ರೀತಿ ಬಂತು. ಸುಳ್ಳು ಯಾಕೆ ಹೇಳಲಿ?

ಆ ಕಲ್ಲಿಗೆ ಒಂದು ಅಲಗಿನ ಮೂಲೆ ಚಕ್ಕೆ ಎದ್ದಿತ್ತು. ಅಂದಿನಿಂದ ಮಷಿನ್ ಸ್ವಲ್ಪ ನಡುಗುತ್ತಿತ್ತು. ಮಹಾನವಮಿಯ ಹಿಂದಿನ ದಿನ ಮೂರೂ ಅಲಗನ್ನು ಒಮ್ಮೆಲೇ ಬಿಚ್ಚಿ ನರೇಗಲ್ಲಿಗೆ ಒಯ್ದು, ಸಾಣೆ ಹಿಡಿಸಿ, ತೂಕ ಸಮ ಮಾಡಿಸಿ ಮನೆಗೆ ತಂದೆ. ಅಲ್ಲಿಯವರೆಗೆ ಒಂದು ಸಲಕ್ಕೆ ಒಂದೇ ಅಲಗು ಬಿಚ್ಚುತ್ತಿದ್ದೆ. ಉಳಿದ ಎರಡನ್ನು ನೋಡಿ ಅದನ್ನು ಹಾಗೆಯೇ ಕೂಡಿಸುತ್ತಿದ್ದೆ.

ಮರುದಿನ ಖಂಡೇ ಪೂಜೆ. ನಮ್ಮ ಕಡೆ ಅವತ್ತು ಹರಿತ ಇರುವುದಕ್ಕೆಲ್ಲ ಪೂಜೆ ಆಗುತ್ತದೆ. ಅತ್ತೆ ಜಗುಲಿಯ ಮುಂದೆ ಮಣೆ ಹಾಕಿ ಕುಡಗೋಲು, ಕೊಡಲಿ, ಈಳಿಗೆ ಎಲ್ಲ ಜೋಡಿಸುತ್ತಿದ್ದರು. ನನ್ನ ಕೈಯಲ್ಲಿ ಅಲಗು ಕಂಡದ್ದೇ ತಡ, ತಾ ಇಲ್ಲಿ ಎಂದರು.

“ಈಳಿಗಿಗೆ ಪೂಜಿ ಐತಿ, ಇಡೀ ವರ್ಷ ತಿರಗಿ ತಿರಗಿ ದುಡದದ್ದಕ್ಕ ಇಲ್ಲೇನ? ತಾ ಇಲ್ಲೆ, ಇಡು.”

ಈ ಅಲಗುಗಳ ಎರಡೂ ತುದಿಗೆ ಕಿವಿಯಂತೆ ಮಡಚಿದ ತಗಡು ಇರುತ್ತದೆ. ಆ ಕಿವಿ ಕೆಳಗೆ ಮಾಡಿ ಇಟ್ಟರೆ ಕಾಲಿದ್ದಂತೆ ಅಲುಗಾಡದೆ ಕೂರುತ್ತವೆ. ಅತ್ತೆ ಹಾಗೆಯೇ ಇಟ್ಟು, ಮೇಲೆ ಬಂದ ಮೈಗೆ ಮೂರು ಬೆರಳು ವಿಭೂತಿ ಎಳೆದು, ನಡುವೆ ಕುಂಕುಮ ಇಟ್ಟರು. ಪೂಜೆ ಆದದ್ದನ್ನು ಮರುದಿನ ಬನ್ನಿ ಹಂಚುವವರೆಗೆ ಮುಟ್ಟುವ ಹಾಗಿಲ್ಲ.

ಬನ್ನಿಯ ದಿನ ಸಂಜೆ ಅತ್ತೆಯ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದೆ. “ಬಂಗಾರದಂಗ ಇರೂಣವ್ವಾ” ಅಂದರು. ಹೊಟ್ಟೆ ತುಂಬ ಹೋಳಿಗೆ ಉಂಡು, ಮಷಿನ್ನನ್ನು ಎತ್ತಿ ಕೆಳಗೆ ಮರದ ತುಂಡು ಕೊಟ್ಟು, ಅಲಗು ಕೂಡಿಸಲು ಅಂಗಳದಲ್ಲಿ ಮಲಗಿದೆ. ಅತ್ತೆ ಹಿಂದೆಯೇ ಬಂದರು.

“ಏ ಹುಡುಗಿ, ಕುಂಕುಮದ ಮಕ ಮ್ಯಾಲ ಮಾಡಿ ಕೂಡಸು. ದೇವರಂತ ಹಚ್ಚಿದ್ದು ಮಣ್ಣ ನೋಡಬಾರ್ದು.”

ಈ ಮನೆಗೆ ಸೊಸೆಯಾಗಿ ನಡೆಯಲು ಬಂದು ಇಪ್ಪತ್ತಾರು ವರ್ಷ. ಅತ್ತೆಯ ಮಾತನ್ನು ನಾನು ಕೇಳಿದ್ದು ಕಡಿಮೆ. ಟ್ರ್ಯಾಕ್ಟರ್ ಹತ್ತಬೇಡ ಎಂದರು, ಹತ್ತಿದೆ. ಅಮಾವಾಸ್ಯೆಗೆ ಗಾಡಿ ತೆಗೆಯಬೇಡ ಎಂದರು, ತೆಗೆದೆ. ಗಂಡಸರ ಮುಂದೆ ತಲೆ ಮೇಲೆ ಸೆರಗು ಹೊದ್ದುಕೋ ಎಂದು ಇವತ್ತಿಗೂ ದಿನಾ ಹೇಳುತ್ತಾರೆ. ಟ್ರ್ಯಾಕ್ಟರಿನಿಂದ ಮಷಿನ್ನಿಗೆ ತಿರುಗುವ ಉದ್ದನೆಯ ರಾಡ್ ಇರುತ್ತದೆ, ಸೆರಗಿನ ಚುಂಗು ಅದಕ್ಕೆ ಸಿಕ್ಕರೆ ಹೆಣವನ್ನೂ ತುಂಡು ತುಂಡು ಆರಿಸಿ ಕೂಡಿಸಿಕೊಳ್ಳಬೇಕಾಗುತ್ತದೆ. ಅದಕ್ಕೇ ನಾನು ಸೆರಗನ್ನು ಸೊಂಟಕ್ಕೆ ಬಿಗಿದು ಮೇಲೆ ಗಂಡನ ಹಳೇ ಅಂಗಿ ತೊಡುತ್ತೇನೆ. ಇಷ್ಟು ವಾದ ಮಾಡುವವಳು ಆ ಸಂಜೆ ಮಾತ್ರ, ಹಬ್ಬದ ದಿನ ಯಾಕೆ ಜಗಳ ಎಂದು, “ಆತ್ರಿ ಅತ್ತಿ” ಎಂದುಬಿಟ್ಟೆ. ಕುಂಕುಮ ಮೇಲೆ ಮಾಡಿ ಮೂರಕ್ಕೂ ಬೋಲ್ಟು ಬಿಗಿದೆ.

ಮೂರು ದಿನಕ್ಕೆ ರೋಣದ ಕಾಲೇಜು. ಅಲ್ಲಿ ಆಟದ ಪಂದ್ಯ ಇತ್ತು. ಹುಲ್ಲು ಹೆಚ್ಚೇನಿರಲಿಲ್ಲ, ಮೊಳಕಾಲಿನ ಕೆಳಗೆ. ಎರಡು ಸಾಲು ಹೊಡೆದು ಹಿಂದೆ ತಿರುಗಿ ನೋಡಿದೆ. ಹುಲ್ಲು ಕತ್ತರಿಸಿರಲಿಲ್ಲ, ದನ ಜಗಿದು ಬಿಟ್ಟಂತಿತ್ತು. ಒಂದು ಕಡೆ ಹರಿದಿದೆ, ಒಂದು ಕಡೆ ಬರೀ ಮಲಗಿದೆ. ಮತ್ತೊಮ್ಮೆ ಅದೇ ಸಾಲಿನಲ್ಲಿ ಹೋದೆ. ಇನ್ನೂ ಕೆಟ್ಟಿತು. ಬೆಲ್ಟು ಕುಂಯ್ ಎನ್ನತೊಡಗಿತು. ಹುಲ್ಲು ಹಸಿ ಇದೆ ಎಂದುಕೊಂಡೆ, ನೆಲ ಏರುತಗ್ಗು ಇದೆ ಎಂದುಕೊಂಡೆ, ಹಲ್ಲು ಕಚ್ಚಿ ಇಡೀ ಮೈದಾನ ಮುಗಿಸಿದೆ. ಆಟದ ಮಾಸ್ತರರು ಸೀಟಿ ಕೊರಳಿಗೆ ಹಾಕಿಕೊಂಡು ಬಂದು ನಿಂತರು.

“ಏನ್ರಿ ಬಾಯಾರ ಇದು? ಕುರಿ ಬಿಟ್ಟಿದ್ರ ಇದಕ್ಕಿಂತ ಚಲೋ ಆಗ್ತಿತ್ತು.”

“ನಿಮ್ಮ ಗ್ರೌಂಡ್ ಸಮ ಇಲ್ರಿ ಸರ. ಹುಲ್ಲ ಹಸಿ ಐತಿ” ಎಂದೆ.

“ಕುಣಿಯಾಕ ಬರಲಾರದಾಕಿ ಅಂಗಳ ಡೊಂಕ ಅಂದ್ಳಂತ” ಎಂದು ನಕ್ಕರು. ಹುಡುಗರೂ ನಕ್ಕರು. ನನ್ನ ಮೈಗೆ ಬೆಂಕಿ ಬಿದ್ದಂತಾಯಿತು. ಏನೇನೋ ಅಂದೆ, ಅದೆಲ್ಲ ಇಲ್ಲಿ ಬೇಡ.

ಮರುದಿನ ಬೆಳಿಗ್ಗೆ ಹುಲ್ಲಿನ ತುದಿಯೆಲ್ಲ ಕೆಂಪಗೆ ಒಣಗಿತ್ತಂತೆ. ನಿಮ್ಮ ಮಷಿನ್ ಸವೆದು ಹೋಗಿದೆ ಎಂದು ಮಾಸ್ತರರು ಫೋನ್ ಮಾಡಿದರು, ನನಗಲ್ಲ, ಮೈದುನನಿಗೆ. ಮಷಿನ್ ಹೊಡೆಯುವವಳು ನಾನು, ಬೈಗುಳ ಕೇಳುವ ಹಕ್ಕೂ ನನ್ನದೇ. ಅದನ್ನೂ ಗಂಡಸಿಗೆ ಕೊಟ್ಟರು. ಮಾಸ್ತರರ ಮೇಲೆ ಆ ಸಿಟ್ಟು ಇನ್ನೂ ಇದೆ.

ಮೈದುನ ಸಂಜೆಯೇ ನರೇಗಲ್ಲಿನ ಮಿಸ್ತ್ರಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದ. ಮಿಸ್ತ್ರಿ ಬಗ್ಗಿ ಸಹ ನೋಡಲಿಲ್ಲ. ಮಷಿನ್ನಿನ ಮುಚ್ಚಳಕ್ಕೆ ಚಪ್ಪಲಿ ಕಾಲಿಂದ ಒದ್ದು ಅಲುಗಿಸಿ ತೀರ್ಪು ಕೊಟ್ಟ.

“ಬೇರಿಂಗ್ ಮುಗದಾವ್ರಿ. ನಾ ಅವತ್ತ ಹೇಳಿದ್ದೆ, ನರಗುಂದದ ಹುಲ್ಲು ಇದನ್ನ ತಿಂತು. ಪೂರಾ ಸವದೈತಿ. ಗುಜರಿಗೆ ಹಾಕ್ರಿ.”

“ಕಾಲ್ಲೆ ಒದ್ದು ನಾಡಿ ನೋಡೋ ಡಾಕ್ಟರ್ನ ಇವತ್ತ ನೋಡಿದೆ” ಎಂದೆ. “ಸವದಿಲ್ಲ.”

“ವೈನಿ, ನಿಮ್ಮ ಹಠಕ್ಕ ಮಷಿನ್ ಬಲಿ ಆತರಿ” ಎಂದ ಮೈದುನ. “ಗಜೇಂದ್ರಗಡದಾಗ ಗುಜರಿಯವ್ರಿಗೆ ಹೇಳೇನಿ. ರವಿವಾರ ಮುಂಜಾನಿ ಟೆಂಪೋ ತರ್ತಾರ.”

“ಸವದಿಲ್ಲ ಅಂದ್ರ ಸವದಿಲ್ಲ. ರವಿವಾರ ಬರ್ಲಿ, ಚಾ ಕುಡದು ಹೋಗ್ಲಿ.”

ನಮ್ಮ ಮನೆಯವರು ಗಿರಣಿಯ ಹಿಟ್ಟು ಮೆತ್ತಿದ ಮೋರೆಯಲ್ಲಿ ಒಮ್ಮೆ ತಮ್ಮನನ್ನು, ಒಮ್ಮೆ ನನ್ನನ್ನು ನೋಡಿ, “ರವಿವಾರತನಾ ನೋಡೂಣು” ಎಂದರು. ಅಷ್ಟೇ ಸಿಕ್ಕಿತು ನನಗೆ, ಎರಡು ದಿನ.

ಬಾಯಿ ಜೋರು ಮಾಡಿದೆನೇ ಹೊರತು ಒಳಗೆ ಹೆದರಿದ್ದೆ. ಮಿಸ್ತ್ರಿ ಬೇಡ ಎಂದಿದ್ದ, ನಾನು ನರಗುಂದಕ್ಕೆ ಹೋಗಿದ್ದೆ. ಅವನ ಮಾತೇ ನಿಜವಾಗಿದ್ದರೆ? ನನ್ನ ಹಠವೇ ನನ್ನ ಮಷಿನ್ನನ್ನು ತಿಂದಿದ್ದರೆ? ಆ ಎರಡು ದಿನ ರೊಟ್ಟಿ ಸರಿಯಾಗಿ ಉಬ್ಬಲಿಲ್ಲ.

ರವಿವಾರ ಬೆಳಕು ಹರಿಯುತ್ತಲೇ ಮಷಿನ್ನನ್ನು ಎತ್ತಿ, ಮರದ ತುಂಡು ಕೊಟ್ಟು, ಗೋಣಿಚೀಲ ಹಾಸಿಕೊಂಡು ಕೆಳಗೆ ಹೊಕ್ಕೆ. ಸವೆದದ್ದು ಸವೆದಿತ್ತು, ನಾನು ಇಲ್ಲ ಅನ್ನುವುದಿಲ್ಲ. ಬೆಲ್ಟಿನ ಅಂಚು ನೂಲು ಬಿಟ್ಟಿತ್ತು. ಎಡಗಡೆಯ ಮುಂದಿನ ಗಾಲಿಯ ಬುಶ್ ಸಡಿಲಾಗಿ ಗಾಲಿ ಓಲಾಡುತ್ತಿತ್ತು. ಮುಚ್ಚಳದ ಒಂದು ಮೂಲೆಯಲ್ಲಿ ತಗಡು ಹಪ್ಪಳದಷ್ಟು ತೆಳ್ಳಗಾಗಿತ್ತು. ನನ್ನ ಮೊಳಕಾಲೂ ಸವೆದಿದೆ, ಹಾಗಂತ ನನ್ನನ್ನು ಯಾರೂ ಟೆಂಪೋಗೆ ಹೇರುವುದಿಲ್ಲವಲ್ಲ? ಗೇರ್ ಆಯಿಲ್ ನೋಡಿದೆ, ಗುರುತಿನವರೆಗೆ ಇತ್ತು. ಬೆಲ್ಟು ಕಳಚಿ ಒಂದೊಂದೇ ಅಲಗನ್ನು ಕೈಯಿಂದ ತಿರುಗಿಸಿ ಕಿವಿ ಕೊಟ್ಟೆ. ಬೇರಿಂಗ್ ಹೋಗಿದ್ದರೆ ಬೀಸುಕಲ್ಲಿನಲ್ಲಿ ಹರಳು ಸಿಕ್ಕ ಸಪ್ಪಳ ಬರಬೇಕು. ಬರಲಿಲ್ಲ. ಮೇಲೆ ಕೆಳಗೆ ಎಳೆದು ನೋಡಿದೆ. ಅಲುಗಲಿಲ್ಲ. ಮೂರೂ ಗಟ್ಟಿ.

ಮತ್ತೇನು? ಉಳಿದದ್ದು ಅಲಗಿನ ಬಾಯಿ. ಮೊಂಡಾಗಿರಬೇಕು ಎಂದು ಬೆರಳು ಎಳೆದೆ. ಚರಕ್ಕೆಂದು ಕೊಯ್ದಿತು. ರಕ್ತ ಮೊಣಕೈಗೆ ಇಳಿಯಿತು. ಬೆರಳು ಬಾಯಲ್ಲಿಟ್ಟುಕೊಂಡು ಹಾಗೆಯೇ ಮಲಗಿ ಯೋಚಿಸಿದೆ. ಇಡೀ ರೋಣದ ಮೈದಾನ ಹೊಡೆದ ಅಲಗು ಹೀಗೆ ಹೇಗೆ ಕೊಯ್ಯುತ್ತದೆ? ಇದರ ಬಾಯಿ ಇನ್ನೂ ಸಾಣೆಯ ಹೊಳಪಿನಲ್ಲೇ ಇತ್ತು. ಒಂದು ಎಳೆ ಹುಲ್ಲನ್ನೂ ಮುಟ್ಟಿರಲಿಲ್ಲ. ಬಾಯಿಯ ಎದುರಿನ ಅಂಚನ್ನು, ಅಂದರೆ ಅಲಗಿನ ಬೆನ್ನನ್ನು ನೋಡಿದೆ. ಅದು ಪೂರ್ತಿ ಹಸಿರು ಬಳಿದುಕೊಂಡು, ಸಣ್ಣ ಸಣ್ಣ ಕಲ್ಲು ಬಡಿದ ಗುರುತಿನಿಂದ ತುಂಬಿತ್ತು. ಇಷ್ಟೂ ಹೊತ್ತು ಹುಲ್ಲಿಗೆ ಬಡಿದದ್ದು ಬೆನ್ನು. ಆಮೇಲೆ ಕಿವಿಗಳನ್ನು ನೋಡಿದೆ. ಅವು ಮುಚ್ಚಳದ ಕಡೆ ನಿಂತು ಗಾಳಿ ಎಬ್ಬಿಸಿ ಹುಲ್ಲನ್ನು ಎತ್ತಿ ಹಿಡಿಯಬೇಕು. ಈಗ ಮೇಕೆಯ ಕಿವಿಯಂತೆ ಕೆಳಗೆ ಜೋತುಬಿದ್ದಿದ್ದವು. ಅಲಗಿನ ಮೇಲ್ಮೈಗೆ ಕೈ ಆಡಿಸಿದೆ. ಬೆರಳ ತುದಿಗೆ ಕುಂಕುಮ ಬಂತು.

“ಅಯ್ಯ ಶಿವನ!” ಎಂದೆ. ಮೂರೂ ಅಲಗು ಬೋರಲು. ಕುಂಕುಮದ ಮುಖ ಮೇಲಿರಲಿ ಎಂದು ನಾನೇ, ಈ ಎರಡು ಕೈಯಿಂದಲೇ, ತಿರುವಿ ಹಾಕಿದ್ದೆ. ಮಷಿನ್ನಿನ ಕೆಳಗೆ ಮಲಗಿಯೇ ನಕ್ಕೆ. ನಗು ನಿಲ್ಲುವ ಹೊತ್ತಿಗೆ ಅಳು ಬಂದಿತ್ತು. ರೋಣದ ಮಾಸ್ತರರನ್ನು, ಮಿಸ್ತ್ರಿಯನ್ನು, ನೆಲವನ್ನು, ಹಸಿ ಹುಲ್ಲನ್ನು, ಯಾರನ್ನೂ ಬೈಯದೆ ಬಿಟ್ಟಿರಲಿಲ್ಲ ನಾನು.

ಬೋಲ್ಟು ಬಿಚ್ಚಿ ಮೂರನ್ನೂ ಸರಿಯಾಗಿ ಕೂಡಿಸಿದೆ. ಕುಂಕುಮ ಈಗ ಮಣ್ಣು ನೋಡುತ್ತಿತ್ತು. ಬೆಲ್ಟು ಏರಿಸಿ ಹೊರಗೆ ಬರುವಷ್ಟರಲ್ಲಿ ಗಜೇಂದ್ರಗಡದ ಟೆಂಪೋ ಅಂಗಳಕ್ಕೆ ಬಂದಿತ್ತು. ಗುಜರಿಯ ವ್ಯಾಪಾರಿ ಇಳಿದು ಮಷಿನ್ನಿನ ಸುತ್ತ ಒಂದು ಸುತ್ತು ಹಾಕಿದ. ಮೈದುನ ಹಗ್ಗ ಹಿಡಿದು ನಿಂತಿದ್ದ.

“ಹಗ್ಗ ಕೆಳಗ ಇಡಪಾ” ಎಂದೆ. “ಹಿಂದಿನ ಜಾಗಾಕ ಬರ್ರಿ ಎಲ್ಲಾರೂ.”

ನಮ್ಮ ಮನೆಯ ಹಿಂದೆ ಖುಲ್ಲಾ ಜಾಗವಿದೆ, ಮಳೆಗೆ ಅಲ್ಲಿಯೂ ಹುಲ್ಲು ಮೊಳಕಾಲು ಮುಟ್ಟಿತ್ತು. ಟ್ರ್ಯಾಕ್ಟರ್ ಹತ್ತಿದೆ. ಗಾಯಕ್ಕೆ ಸುತ್ತಿದ ಬಟ್ಟೆ ಒದ್ದೆಯಾಗಿತ್ತು. ಎತ್ತರ ಮೇಲಿಟ್ಟು ಒಂದು ಸಾಲು ಹೋದೆ. ಹಿಂದೆ ನೋಡಲು ಧೈರ್ಯ ಬರಲಿಲ್ಲ. ಕಿವಿಗೆ ಮಾತ್ರ ಗೊತ್ತಾಯಿತು, ಆ ಕುಂಯ್ ಸಪ್ಪಳ ಇರಲಿಲ್ಲ. ತಿರುಗಿಸಿಕೊಂಡು ಬಂದು, ಎತ್ತರ ಇಳಿಸಿ, ಅದೇ ಸಾಲನ್ನು ಇನ್ನೊಮ್ಮೆ ಹೊಡೆದು ಆಮೇಲೆ ನೋಡಿದೆ. ಹೊಸ ಚಾಪೆ ಹಾಸಿದಂತೆ ಇತ್ತು.

ವ್ಯಾಪಾರಿ ಬಗ್ಗಿ ಹುಲ್ಲಿನ ಮೇಲೆ ಅಂಗೈ ಆಡಿಸಿದ. “ಇದನ್ನ ಗುಜರಿ ಅಂದವ್ರ ಯಾರ್ರೀ?” ಎಂದು ಮೈದುನನ ಕಡೆ ನೋಡಿದ.

“ಮತ್ತ ರೋಣದಾಗ ಏನಾಗಿತ್ತು?” ಎಂದ ಮೈದುನ.

ಅತ್ತೆ ಹಿತ್ತಲ ಬಾಗಿಲಲ್ಲಿ ಕಂಬ ಹಿಡಿದು ನಿಂತಿದ್ದರು. ಅವರ ಕಡೆ ಬೆರಳು ತೋರಿಸಬಹುದಿತ್ತು. ಆದರೆ ಬೋಲ್ಟು ಬಿಗಿದದ್ದು ಯಾರು? ಪುಸ್ತಕ ಓದಿದವಳು ಯಾರು?

“ಅಲಗು ಬೋರಲ ಕೂಡಸಿದ್ದೆ” ಎಂದೆ. “ನಂದ ತಪ್ಪು.”

ಮೈದುನ ಹೊಟ್ಟೆ ಹಿಡಿದು ನಕ್ಕ. “ಇಷ್ಟ ದಿವಸ ಊರ ಮಂದಿಗೆಲ್ಲಾ ಬೈದ್ರಿ! ಅಲಗ ಕೂಡಸಾಕ ಬರೂದಿಲ್ಲಂದ್ರ ಮಷಿನ್ ಯಾಕ್ರಿ ಬೇಕು ವೈನಿ? ಕೀಲಿ ತರ್ರಿ ಇಲ್ಲೆ. ಇನ್ನ ಮ್ಯಾಲ ನಾ ನೋಡ್ಕೋತೀನಿ.” ಕೈ ಚಾಚಿದ. ನಾನು ಟ್ರ್ಯಾಕ್ಟರಿನಿಂದ ಕೀಲಿ ಕಳಚಿದೆ. ತಪ್ಪು ನನ್ನದೇ ಆಗಿತ್ತಲ್ಲ.

“ಕೈ ತಗಿಯೋ ಮಂಗ್ಯಾ!” ಅತ್ತೆಯ ದನಿ. ಕಂಬ ಬಿಟ್ಟು ಹೊಸದಾಗಿ ಹೊಡೆದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದರು. “ಆಕಿ ತಪ್ಪಲ್ಲ. ಕುಂಕುಮದ ಮಕ ಮ್ಯಾಲ ಮಾಡು ಅಂತ ನಾ ಹೇಳಿದ್ದೆ. ಇಪ್ಪತ್ತಾರ ವರ್ಷದಾಗ ನನ್ನ ಮಾತ ಈಕಿ ಒಮ್ಮಿ ಕೇಳ್ಯಾಳ. ಕೇಳಿದ್ದಕ್ಕ ಏನಾತ ನೋಡು.” ಆಮೇಲೆ ನನ್ನ ಕಡೆ ತಿರುಗಿದರು. “ಯವ್ವಾ, ಇನ್ನ ಮ್ಯಾಲ ನನ್ನ ಮಾತ ಕೇಳಬ್ಯಾಡ.”

ಮೈದುನ ಕೈ ತೆಗೆದ. ವ್ಯಾಪಾರಿ ಚಹಾ ಕುಡಿದು ಖಾಲಿ ಟೆಂಪೋ ಹೊಡೆದುಕೊಂಡು ಹೋದ.

ಮರುದಿನ ರೋಣಕ್ಕೆ ಹೊರಟೆ, ಆ ಮೈದಾನವನ್ನು ಪುಗಸಟ್ಟೆ ಇನ್ನೊಮ್ಮೆ ಹೊಡೆದುಕೊಡಲು, ಅಂಗಳ ಡೊಂಕಿರಲಿಲ್ಲ ಎಂದು ಮಾಸ್ತರರಿಗೆ ನಾನೇ ಹೇಳಲು. ಸೆರಗಿನ ತುದಿಯ ಕೀಲಿ ಬಿಚ್ಚಿ, ಸೆರಗನ್ನು ಸೊಂಟಕ್ಕೆ ಬಿಗಿದು, ಅಂಗಿ ತೊಟ್ಟು ಟ್ರ್ಯಾಕ್ಟರ್ ಹತ್ತಿದೆ. ಅತ್ತೆ ಬಾಗಿಲಿಗೆ ಬಂದರು.

“ಏ ಹುಡುಗಿ, ತಲಿ ಮ್ಯಾಲ ಸೆರಗರ ಹೊದ್ಕೊ.”

ನಾನು ಕೇಳಲಿಲ್ಲ.